ಹೊಸ ಲ್ಯಾಪ್‌ಟಾಪ್‌ಗೆ ಕ್ಲೀನ್ ಇನ್‌ಸ್ಟಾಲ್: ಯಾವ ಕಸ ಹೋಗುತ್ತದೆ, ಯಾವುದು ಉಳಿಯುತ್ತದೆ

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ ಬಗ್ಗೆ ಎರಡು ಸುದ್ದಿ ಒಂದರ ಬೆನ್ನಿಗೊಂದು ಬಂದವು. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು ಅಕ್ಟೋಬರ್ 14ಕ್ಕೆ ನಿಂತವು. ಅದೇ ತಿಂಗಳು, ಮೈಕ್ರೋಸಾಫ್ಟ್ ಖಾತೆ ಇಲ್ಲದೆ ವಿಂಡೋಸ್ 11 ಸೆಟಪ್ ಮುಗಿಸುವ ಒಳದಾರಿಗಳನ್ನು ಪರೀಕ್ಷಾ ಆವೃತ್ತಿಯಲ್ಲಿ ಮುಚ್ಚುತ್ತಿರುವುದಾಗಿ ಕಂಪನಿ ಪ್ರಕಟಿಸಿತು. ಮೊದಲ ಸುದ್ದಿ ಜನರನ್ನು ಹೊಸ ಲ್ಯಾಪ್‌ಟಾಪ್ ಕೊಳ್ಳುವತ್ತ ತಳ್ಳಿತು. ಕೊಂಡವರನ್ನು ಎರಡನೆಯದು ಗೊಂದಲಕ್ಕೆ ಕೆಡವಿತು.

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಅಂಗಡಿಯಲ್ಲಿ ಕೊಂಡಿರಲಿ, ಬೀದರಿನವರು ಹೈದರಾಬಾದಿಗೆ ಹೋಗಿ ತಂದಿರಲಿ, ಯಾದಗಿರಿಗೆ ಕೊರಿಯರ್‌ನಲ್ಲಿ ಬಂದಿರಲಿ, ಪೆಟ್ಟಿಗೆ ಬಿಚ್ಚಿದ ಮೇಲೆ ಕಾಣುವುದು ಒಂದೇ. ಕೆಲವೇ ದಿನಗಳ ಆ್ಯಂಟಿವೈರಸ್, ಯಾರೂ ಕೇಳದ ಆಟಗಳು, ತಯಾರಕರ ಐದಾರು 'ಸಹಾಯಕ' ತಂತ್ರಾಂಶಗಳು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಬಿಡಿ (ಇದೇ ಕ್ಲೀನ್ ಇನ್‌ಸ್ಟಾಲ್) ಎನ್ನುವವರು ಒಂದು ಕಡೆ. ಹಾಗೆ ಮಾಡಿದರೆ ಲೈಸೆನ್ಸ್ ಹೋಗುತ್ತದೆ, ವಾರಂಟಿ ಹೋಗುತ್ತದೆ ಎಂದು ಹೆದರಿಸುವವರು ಇನ್ನೊಂದು ಕಡೆ. ಲೈಸೆನ್ಸ್ ಹೋಗುವುದಿಲ್ಲ. ಹೋಗುವ ಅಪಾಯವಿರುವ ವಸ್ತುಗಳೇ ಬೇರೆ, ಅವುಗಳ ಬಗ್ಗೆ ಮಾತ್ರ ಯಾರೂ ಎಚ್ಚರಿಸುವುದಿಲ್ಲ.

ಕಸ ಬರುವ ದಾರಿ

ಲ್ಯಾಪ್‌ಟಾಪ್ ವ್ಯಾಪಾರದಲ್ಲಿ, ಅದರಲ್ಲೂ ಅಗ್ಗದ ಮಾದರಿಗಳಲ್ಲಿ, ತಯಾರಕರಿಗೆ ಉಳಿಯುವ ಲಾಭ ತೆಳು. ತಮ್ಮ ತಂತ್ರಾಂಶವನ್ನು ಮೊದಲೇ ತುಂಬಿ ಕಳುಹಿಸಿದರೆ ಆ್ಯಂಟಿವೈರಸ್ ಕಂಪನಿಗಳು ದುಡ್ಡು ಕೊಡುತ್ತವೆ, ಟ್ರಯಲ್ ಮುಗಿದು ಗ್ರಾಹಕ ಚಂದಾ ಕಟ್ಟಿದರೆ ಅದರಲ್ಲೂ ಪಾಲು. ಇದರಿಂದಲೇ ಬೆಲೆ ಇಳಿಯುತ್ತದೆ ಎಂಬುದು ತಯಾರಕರ ವಾದ. ಅದು ಪೂರ್ತಿ ಸುಳ್ಳಲ್ಲ. ಆದರೆ ಎಷ್ಟು ಇಳಿಯಿತೆಂದು ಬಿಲ್ಲಿನಲ್ಲಿ ಯಾರೂ ತೋರಿಸುವುದಿಲ್ಲ, ಬೆಲೆ ಕೊಟ್ಟು ಬೇಡವೆನ್ನುವ ಆಯ್ಕೆಯೂ ಇಲ್ಲ.

ಇದು ಬರೀ ಕಿರಿಕಿರಿಯ ವಿಷಯವೆಂದು ತಳ್ಳಿಹಾಕಲು ಬಾರದಿರುವುದಕ್ಕೆ 2015ರ ಸೂಪರ್‌ಫಿಶ್ ಪ್ರಕರಣ ಸಾಕು. ಲೆನೊವೊ ತನ್ನ ಕೆಲವು ಗ್ರಾಹಕ ಮಾದರಿಗಳಲ್ಲಿ ಈ ಜಾಹೀರಾತು ತಂತ್ರಾಂಶವನ್ನು ತುಂಬಿತ್ತು. ಸುರಕ್ಷಿತ ವೆಬ್‌ಸೈಟುಗಳ ಒಳಗೂ ಜಾಹೀರಾತು ತೂರಿಸಲು ಅದು ತನ್ನದೇ ರೂಟ್ ಸರ್ಟಿಫಿಕೇಟನ್ನು (ವೆಬ್‌ಸೈಟ್ ಅಸಲಿ ಎಂದು ಯಂತ್ರ ನಂಬಲು ಆಧಾರವಾಗುವ ಪ್ರಮಾಣಪತ್ರ) ವಿಂಡೋಸ್‌ಗೆ ಸೇರಿಸುತ್ತಿತ್ತು. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ ಖಾಸಗಿ ಕೀ (ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಗುಟ್ಟಿನ ಸಂಕೇತ) ಇದ್ದುದರಿಂದ, ಆ ಕೀ ಹೊರಬಿದ್ದ ಕೂಡಲೇ ಬ್ಯಾಂಕಿನ ವೆಬ್‌ಸೈಟಿನ ನಕಲಿಯೂ ಆ ಯಂತ್ರಗಳಲ್ಲಿ ಅಸಲಿಯಂತೆ ತೆರೆಯಬಹುದಾಗಿತ್ತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜತೆ ಲೆನೊವೊ ರಾಜಿಗೆ ಬಂತು.

ಮೂರು ಪದರ

ಕಸ ಕೂತಿರುವುದು ಮೂರು ಕಡೆ. ಕ್ಲೀನ್ ಇನ್‌ಸ್ಟಾಲ್ ಅವುಗಳಲ್ಲಿ ಒಂದನ್ನು ಮಾತ್ರ ಪೂರ್ತಿ ತೆಗೆಯುತ್ತದೆ.

ಒಂದು, ತಯಾರಕರು ಡಿಸ್ಕಿನಲ್ಲಿ ತುಂಬಿದ್ದು. ಆ್ಯಂಟಿವೈರಸ್ ಟ್ರಯಲ್, ಶಾಪಿಂಗ್ ಲಿಂಕುಗಳು, ನೋಂದಣಿ ಮಾಡಿಕೊಳ್ಳಿ ಎಂದು ಪೀಡಿಸುವ ಕಿಟಕಿಗಳು. ಡಿಸ್ಕ್ ಅಳಿಸಿದರೆ ಇವು ಹೋದವು.

ಎರಡು, ಮೈಕ್ರೋಸಾಫ್ಟ್ ತಾನೇ ತುಂಬುವುದು. ಕ್ಲಿಪ್‌ಚಾಂಪ್, ಸಾಲಿಟೇರ್, ಸುದ್ದಿ, ಟೀಮ್ಸ್, ಕೋಪೈಲಟ್, ಜತೆಗೆ ಸ್ಟಾರ್ಟ್ ಮೆನುವಿನಲ್ಲಿ ಒತ್ತಿದ ಕೂಡಲೇ ಇಳಿದುಬರುವ ಬೇರೆ ಕಂಪನಿಗಳ ಆ್ಯಪ್‌ಗಳು. ಶುದ್ಧ ವಿಂಡೋಸ್ ಹಾಕಿದರೂ ಇವು ಬರುತ್ತವೆ. ಕಷ್ಟಪಟ್ಟು ಕ್ಲೀನ್ ಇನ್‌ಸ್ಟಾಲ್ ಮಾಡಿದವರು 'ಮತ್ತೆ ಅದೇ ಬಂತಲ್ಲ' ಎಂದು ಬೇಸರಪಡುವುದು ಇದನ್ನು ನೋಡಿಯೇ. ಸೆಟಪ್‌ನ ಮೊದಲ ಪರದೆಯಲ್ಲಿ ಸಮಯ ಮತ್ತು ಕರೆನ್ಸಿ ಮಾದರಿಯನ್ನು 'ಇಂಗ್ಲಿಷ್ (ವರ್ಲ್ಡ್)' ಎಂದು ಆರಿಸುವ ಯುಕ್ತಿಯೊಂದು ಬಳಕೆಯಲ್ಲಿದೆ. ಪ್ರದೇಶ ಗೊತ್ತಾಗದೆ ಸೆಟಪ್ ನಡುವೆ ಒಂದು ದೋಷಸಂದೇಶ ತೋರಿಸುತ್ತದೆ, ಸ್ಕಿಪ್ ಒತ್ತಿದರೆ ಮುಂದುವರಿಯುತ್ತದೆ. ಪ್ರಚಾರದ ಆ್ಯಪ್‌ಗಳ ಹೊರೆ ಕಡಿಮೆಯಾಗುತ್ತದೆ. ಕೆಲಸ ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರದೇಶವನ್ನು ಭಾರತಕ್ಕೆ ಬದಲಿಸಿಕೊಳ್ಳಬೇಕು.

ಮೂರನೆಯದು ಮದರ್‌ಬೋರ್ಡಿನ ಚಿಪ್‌ನಲ್ಲೇ ಕೂತ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿದೆ. ವಿಂಡೋಸ್ 8ರ ಕಾಲದಿಂದ ವಿಂಡೋಸ್ ಪ್ಲಾಟ್‌ಫಾರ್ಮ್ ಬೈನರಿ ಟೇಬಲ್ ಎಂಬ ವ್ಯವಸ್ಥೆಯೊಂದಿದೆ. ತಯಾರಕರು ಫರ್ಮ್‌ವೇರ್‌ನಲ್ಲಿ ಒಂದು ಪ್ರೋಗ್ರಾಂ ಇಟ್ಟರೆ, ಬೂಟ್ ಆಗುವಾಗ ವಿಂಡೋಸ್ ಅದನ್ನು ಎತ್ತಿಕೊಂಡು ನಡೆಸುತ್ತದೆ. ಕದ್ದ ಲ್ಯಾಪ್‌ಟಾಪ್ ಪತ್ತೆಹಚ್ಚುವ ತಂತ್ರಾಂಶದಂಥವು ಡಿಸ್ಕ್ ಅಳಿಸಿದರೂ ಉಳಿಯಲಿ ಎಂಬುದು ಇದರ ಉದ್ದೇಶ. ಅದೇ ಬಾಗಿಲಿನಿಂದ ತಯಾರಕರ ಇತರ ತಂತ್ರಾಂಶಗಳೂ ಒಳಬರುತ್ತವೆ. ಎಸ್ಯೂಸ್‌ನ ಗೇಮಿಂಗ್ ಮಾದರಿಗಳಲ್ಲಿ ಹೊಸ ವಿಂಡೋಸ್ ಹಾಕಿ ಇಂಟರ್ನೆಟ್ ಜೋಡಿಸಿದ ಕೂಡಲೇ 'ಆರ್ಮರಿ ಕ್ರೇಟ್ ಹಾಕಲೇ' ಎಂಬ ಪ್ರಶ್ನೆ ಬರುವುದು ಹೀಗೆ. ಇದನ್ನು ನಿಲ್ಲಿಸುವ ಗುಂಡಿ ಇದ್ದರೆ ಬಯಾಸ್‌ನಲ್ಲಿ (ಫರ್ಮ್‌ವೇರ್‌ನ ಸೆಟ್ಟಿಂಗ್ಸ್ ಪುಟ) ಇರುತ್ತದೆ, ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ.

ಅನ್‌ಇನ್‌ಸ್ಟಾಲ್ ಸಾಲದೇ?

ಅನೇಕರಿಗೆ ಸಾಕು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಿಂದ ಬೇಡದ್ದನ್ನು ತೆಗೆದು, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ತಾನಾಗಿ ಎದ್ದು ಕೂರುವುದನ್ನು ನಿಲ್ಲಿಸಿದರೆ ಅರ್ಧ ಗಂಟೆಯ ಕೆಲಸ. ಆ್ಯಂಟಿವೈರಸ್‌ಗಳು ಮಾತ್ರ ಹೋಗುವಾಗ ಸೇವೆಗಳನ್ನೂ ಡ್ರೈವರ್‌ಗಳನ್ನೂ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಹಿಂದೆ ಬಿಟ್ಟುಹೋಗುವುದುಂಟು. ಅವುಗಳಿಗೆ ಆಯಾ ಕಂಪನಿಯ ರಿಮೂವಲ್ ಟೂಲ್ ಬಳಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಎದ್ದಿದೆಯೇ ನೋಡಬೇಕು.

'ರೀಸೆಟ್ ದಿಸ್ ಪಿಸಿ' ಒತ್ತಿದರೆ ಆಯಿತಲ್ಲ ಎನ್ನುವುದು ಇನ್ನೊಂದು ವಾದ. ಇಲ್ಲಿ ಜನ ಮೋಸಹೋಗುತ್ತಾರೆ. ತಯಾರಕರು ತಮ್ಮ ಬದಲಾವಣೆಗಳನ್ನು ರಿಕವರಿ ಎಂಬ ಮರೆಯಲ್ಲಿರುವ ಫೋಲ್ಡರಿನಲ್ಲಿ ಕಟ್ಟಿಟ್ಟಿರುತ್ತಾರೆ. ರೀಸೆಟ್ ಆಗುವಾಗ ವಿಂಡೋಸ್ ಆ ಕಟ್ಟು ಬಿಚ್ಚಿ ಮತ್ತೆ ತುಂಬಬಹುದು. ಮೊದಲೇ ಇದ್ದ ಆ್ಯಪ್‌ಗಳನ್ನು ಮರಳಿ ಹಾಕಬೇಕೇ ಎಂಬ ಪ್ರಶ್ನೆ ಕಂಡರೆ ಬೇಡವೆನ್ನಬೇಕು. ಕಾಣದಿದ್ದರೆ ರೀಸೆಟ್‌ನಿಂದ ಹೆಚ್ಚು ನಿರೀಕ್ಷಿಸಬಾರದು.

ಪೂರ್ತಿ ಅಳಿಸಿ ಹಾಕುವುದು ಯಾರಿಗೆ ಲಾಭ? 256 ಜಿಬಿ ಡಿಸ್ಕ್, 8 ಜಿಬಿ ರ್‍ಯಾಮ್‌ನ ಅಗ್ಗದ ಮಾದರಿ ಕೊಂಡ ವಿದ್ಯಾರ್ಥಿಗೆ ಲಾಭವಿದೆ, ಅಲ್ಲಿ ಪ್ರತಿ ಜಿಬಿಯೂ ಎಣಿಕೆಗೆ ಬರುತ್ತದೆ. ಬೇರೊಬ್ಬರು ಬಳಸಿದ ಅಥವಾ ಅಂಗಡಿಯ ಪ್ರದರ್ಶನದಲ್ಲಿದ್ದ ಲ್ಯಾಪ್‌ಟಾಪ್ ಕೊಂಡವರಿಗೆ ಅದು ಅಗತ್ಯವೇ ಸರಿ. ಸರ್ಕಾರದ ಯೋಜನೆಯಲ್ಲಿ ಅಥವಾ ಕಚೇರಿಯಿಂದ ಬಂದ ಯಂತ್ರವನ್ನು ಮಾತ್ರ ಕೇಳದೆ ಮುಟ್ಟಬಾರದು. ಅದರಲ್ಲಿ ಹಾಕಿರುವುದು ಕೊಟ್ಟವರ ಷರತ್ತಿನ ಭಾಗವಾಗಿರಬಹುದು.

ಲೈಸೆನ್ಸ್ ಇರುವುದು ಎಲ್ಲಿ

ವಿಂಡೋಸ್ 8ರಿಂದೀಚೆಗೆ, ವಿಂಡೋಸ್ ಸಹಿತ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಪ್ರಾಡಕ್ಟ್ ಕೀ ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ ಇರುತ್ತದೆ. ಇನ್‌ಸ್ಟಾಲರ್ ಅದನ್ನು ತಾನೇ ಓದಿಕೊಂಡು ಅದೇ ಎಡಿಷನ್ ಹಾಕುತ್ತದೆ. ಇಂಟರ್ನೆಟ್ ಸಿಕ್ಕ ಮೇಲೆ ಆಕ್ಟಿವೇಶನ್ ತಾನಾಗಿ ಆಗುತ್ತದೆ. ಕೀ ಟೈಪ್ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಹೋಮ್ ಎಡಿಷನ್‌ನ ಲ್ಯಾಪ್‌ಟಾಪ್‌ಗೆ ಪ್ರೊ ಹಾಕಿಸಿಕೊಂಡರೆ ಮಾತ್ರ ಈ ಕೀ ಕೆಲಸಕ್ಕೆ ಬಾರದು. ವಿಂಡೋಸ್ ಬದಲು ಫ್ರೀಡಾಸ್ ಎಂಬ ಉಚಿತ ವ್ಯವಸ್ಥೆ ಹಾಕಿ ಅಗ್ಗಕ್ಕೆ ಮಾರಿದ ಮಾದರಿಗಳಲ್ಲಿ ಕೀ ಇರುವುದೇ ಇಲ್ಲ.

ವಾರಂಟಿ ಯಂತ್ರದ ಭಾಗಗಳದ್ದು. ವಿಂಡೋಸ್ ಮರುಸ್ಥಾಪಿಸಿದ್ದಕ್ಕೇ ಅದು ರದ್ದಾಗುವುದಿಲ್ಲ. ಆದರೆ ಸ್ಪೀಕರ್ ಹಾಳಾಗಿದೆ ಎಂದು ಒಯ್ದರೆ 'ಡ್ರೈವರ್ ತೊಂದರೆ, ಮೊದಲು ಮೂಲ ಸ್ಥಿತಿಗೆ ತನ್ನಿ' ಎನ್ನುವ ಹಕ್ಕು ಸರ್ವಿಸ್ ಸೆಂಟರ್‌ಗೆ ಸಿಗುತ್ತದೆ. ಆದ್ದರಿಂದ ಮೊದಲ ಎರಡು ಮೂರು ದಿನ ಬಂದ ಸ್ಥಿತಿಯಲ್ಲೇ ಬಳಸಿ ಪರದೆ, ಕೀಬೋರ್ಡ್, ಕ್ಯಾಮೆರಾ, ಸ್ಪೀಕರ್, ಎಲ್ಲ ಯುಎಸ್‌ಬಿ ಕಿಂಡಿಗಳು, ಚಾರ್ಜಿಂಗ್ ನೋಡಿಕೊಳ್ಳಬೇಕು. ಬದಲಿ ಕೇಳುವ ಅವಧಿ ಮುಗಿಯುವ ಮೊದಲೇ ದೋಷ ಸಿಕ್ಕಿದರೆ ವಾದಕ್ಕೆ ಆಸ್ಪದವಿಲ್ಲ. ಆಮೇಲೆ, ಸ್ವಂತ ಕಡತಗಳು ತುಂಬಿಕೊಳ್ಳುವ ಮೊದಲು ಅಳಿಸುವುದು ಸರಿ. ಒಟ್ಟಿನಲ್ಲಿ ಇದು ಮೊದಲ ವಾರದ ಕೆಲಸ. ಆರು ತಿಂಗಳು ಕಳೆದ ಮೇಲೆ ಲಾಭ ಕಡಿಮೆ, ತಲೆನೋವು ಹೆಚ್ಚು.

ಅಳಿಸುವ ಮುನ್ನ

ನಿಜವಾಗಿ ಕಳೆದುಹೋಗುವುದು ಇವು.

ಆಫೀಸ್. ಭಾರತದಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪ್‌ಗಳ ಜತೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಇರುವ ಆಫೀಸ್ ಹೋಮ್ 2024 (ಹಿಂದಿನ ಮಾದರಿಗಳಲ್ಲಿ ಹೋಮ್ ಆ್ಯಂಡ್ ಸ್ಟೂಡೆಂಟ್) ಆವೃತ್ತಿ ಬಂದಿರುತ್ತದೆ. ಅದನ್ನು ಪಡೆಯಲು ಗಡುವಿದೆ, ಮೈಕ್ರೋಸಾಫ್ಟ್ ಖಾತೆಯೂ ಬೇಕು. ಡಿಸ್ಕ್ ಅಳಿಸುವ ಮೊದಲೇ ವರ್ಡ್ ತೆರೆದು ಆ ಕೊಡುಗೆಯನ್ನು ಖಾತೆಗೆ ಜೋಡಿಸಿಕೊಂಡರೆ, ಆಮೇಲೆ ಅದೇ ಖಾತೆಯಿಂದ ಮತ್ತೆ ಇಳಿಸಿಕೊಳ್ಳಬಹುದು. ಅಂಗಡಿಯವರು ಯಾವುದೋ ತಾತ್ಕಾಲಿಕ ಖಾತೆಗೆ ಜೋಡಿಸಿದರೆ ನಿಮ್ಮ ಆಫೀಸ್ ಆ ಖಾತೆಯ ಪಾಲಾಯಿತು. ಪಾಸ್‌ವರ್ಡ್ ಅವರಿಗೂ ನೆನಪಿರುವುದಿಲ್ಲ. ಹಣದ ಲೆಕ್ಕದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ದೊಡ್ಡ ನಷ್ಟ ಇದೇ.

ಡ್ರೈವರ್‌ಗಳು. ವಿಂಡೋಸ್‌ನೊಳಗೇ ಇರುವ ಪಿಎನ್‌ಪಿಯುಟಿಲ್ ಅಥವಾ ಡಿಐಎಸ್‌ಎಂ ಎಂಬ ಸಾಧನದಿಂದ ಈಗಿರುವ ಡ್ರೈವರ್‌ಗಳನ್ನೆಲ್ಲ ಒಂದು ಫೋಲ್ಡರಿಗೆ ರಫ್ತು ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಕಂಡ ಭಾಗಕ್ಕೆ ಆ ಫೋಲ್ಡರ್ ತೋರಿಸಿದರೆ ಸಾಕು.

ಫ್ಯಾಕ್ಟರಿ ಇಮೇಜ್, ಅಂದರೆ ಯಂತ್ರ ಬಂದ ಸ್ಥಿತಿಯ ಪೂರ್ತಿ ಪ್ರತಿ. ಡಿಸ್ಕಿನ ಕೊನೆಯಲ್ಲಿರುವ ರಿಕವರಿ ಪಾರ್ಟಿಷನ್ (ಡಿಸ್ಕಿನ ಪ್ರತ್ಯೇಕ ಭಾಗ) ಅಳಿಸಿದರೆ, ಬಂದ ಸ್ಥಿತಿಗೆ ಮರಳಲು ತಯಾರಕರ ಸಾಧನ ಬೇಕು. ಎಚ್‌ಪಿಯಲ್ಲಿ ಕ್ಲೌಡ್ ರಿಕವರಿ ಟೂಲ್, ಡೆಲ್‌ನಲ್ಲಿ ಓಎಸ್ ರಿಕವರಿ ಟೂಲ್, ಲೆನೊವೊದಲ್ಲಿ ಡಿಜಿಟಲ್ ಡೌನ್‌ಲೋಡ್ ರಿಕವರಿ ಸರ್ವಿಸ್. ಸೀರಿಯಲ್ ನಂಬರ್ ಕೊಟ್ಟು ಒಂದು ಪೆನ್‌ಡ್ರೈವ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ತಯಾರಕರು ತುಂಬಿದ್ದೆಲ್ಲ ಕಸವೂ ಅಲ್ಲ. ಲೆನೊವೊ ವ್ಯಾಂಟೇಜ್, ಮೈಎಸ್ಯೂಸ್‌ನಂಥವುಗಳಲ್ಲಿ ಚಾರ್ಜಿಂಗ್ ಅನ್ನು ಶೇ 80ರ ಆಸುಪಾಸಿನಲ್ಲಿ ನಿಲ್ಲಿಸುವ ಸೌಲಭ್ಯವಿದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ದಿನವಿಡೀ ಪ್ಲಗ್‌ನಲ್ಲೇ ಇರುವ ಬ್ಯಾಟರಿ ಬೇಗ ಉಬ್ಬುತ್ತದೆ, ಸವೆಯುತ್ತದೆ. ಇಲ್ಲಿನವರು ಆ ಒಂದು ಆ್ಯಪನ್ನು ಸ್ಟೋರ್‌ನಿಂದ ಮರಳಿ ಹಾಕಿಕೊಳ್ಳಲೇಬೇಕು. ಧ್ವನಿ ಸುಧಾರಿಸುವ ಡಾಲ್ಬಿಯಂಥದ್ದೂ ಹಾಗೆಯೇ: ಅದರ ಡ್ರೈವರ್ ಇಲ್ಲದಿದ್ದರೆ ಸ್ಪೀಕರ್ ಹಾಡುತ್ತದೆ, ಆದರೆ ಸಪ್ಪೆಯಾಗಿ.

ಪೆನ್‌ಡ್ರೈವ್ ಮತ್ತು ಡೇಟಾ ಪ್ಯಾಕ್

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಯುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್ ನಡೆಸಿದರೆ ಅದೇ ಇಳಿಸಿ, ಅದೇ ತುಂಬುತ್ತದೆ. ಐಎಸ್‌ಒ ಕಡತವನ್ನೇ (ಇಡೀ ಇನ್‌ಸ್ಟಾಲರ್ ಒಂದೇ ಕಡತದಲ್ಲಿ) ಇಳಿಸಿಕೊಂಡರೆ ಐದು ಜಿಬಿ ಮೀರುತ್ತದೆ. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಇದು ಒಂದು ದಿನಕ್ಕೆ ಮುಗಿಯದು, ನಡುವೆ ವಿದ್ಯುತ್ ಹೋದರೆ ಕಡತ ಅರೆಬರೆ. ಕಾಲೇಜಿನ ಅಥವಾ ಮನೆಯ ಫೈಬರ್ ಸಂಪರ್ಕದಲ್ಲಿ ಇಳಿಸುವುದು ಮೇಲು. ಇಳಿಸಿದ ಐಎಸ್‌ಒ ಸರಿಯಿದೆಯೇ ಎಂದು ಎಸ್‌ಎಚ್‌ಎ-256 ಮೊತ್ತವನ್ನು (ಕಡತದ ಬೆರಳಚ್ಚಿನಂಥ ಸಂಖ್ಯೆ) ಮೈಕ್ರೋಸಾಫ್ಟ್ ಪುಟದಲ್ಲಿರುವುದಕ್ಕೆ ಹೋಲಿಸಿ ನೋಡಬಹುದು. ಟೆಲಿಗ್ರಾಂನಲ್ಲಿ ಹರಿದಾಡುವ 'ಲೈಟ್' ವಿಂಡೋಸ್‌ಗಳಿಗೆ ಇಂಥ ಮೊತ್ತವೇ ಇರುವುದಿಲ್ಲ. ಯಾರು ಏನು ತೆಗೆದರು, ಏನು ಸೇರಿಸಿದರು ಎಂಬುದು ಹಾಕಿದವರಿಗೇ ಗೊತ್ತು.

ಐಎಸ್‌ಒದೊಳಗಿನ ಕಡತಗಳನ್ನು ಕೈಯಾರೆ ಪೆನ್‌ಡ್ರೈವ್‌ಗೆ ಎಳೆದರೆ ಕೆಲಸವಾಗುವುದಿಲ್ಲ. ಯುಇಎಫ್‌ಐ (ಈಗಿನ ಫರ್ಮ್‌ವೇರ್) ಬೂಟ್‌ಗೆ ಸಾಮಾನ್ಯವಾಗಿ ಫ್ಯಾಟ್32 ಎಂಬ ಡಿಸ್ಕ್ ವಿನ್ಯಾಸ ಬೇಕು, ಫ್ಯಾಟ್32 ನಾಲ್ಕು ಜಿಬಿ ಮೀರಿದ ಒಂದೇ ಕಡತವನ್ನು ಹಿಡಿಯದು, ವಿಂಡೋಸ್‌ನ ಮುಖ್ಯ ಕಡತ ಅದನ್ನು ಮೀರುತ್ತದೆ. ಮೀಡಿಯಾ ಕ್ರಿಯೇಶನ್ ಟೂಲ್ ಅದನ್ನು ಹೆಚ್ಚು ಒತ್ತಿದ ರೂಪದಲ್ಲಿ ತುಂಬುತ್ತದೆ. ರೂಫಸ್ ಎಂಬ ಉಚಿತ ಸಾಧನ ಬೇರೆ ದಾರಿಯಿಂದ ಇದನ್ನು ದಾಟುತ್ತದೆ.

ಪೆನ್‌ಡ್ರೈವ್‌ನಿಂದ ಯಂತ್ರ ಶುರುಮಾಡಲು ಬೇಕಾದ ಬೂಟ್ ಮೆನುವಿಗೆ ಡೆಲ್, ಲೆನೊವೊ, ಏಸರ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಎಸ್ಯೂಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯಾಸ್‌ಗೆ ಹೋಗಿ ಅದನ್ನು ಸಕ್ರಿಯಗೊಳಿಸಬೇಕು. ಶುರುಮಾಡುವಾಗ ಚಾರ್ಜರ್ ಹಾಕಿರಲಿ, ಬ್ಯಾಟರಿಯೂ ಅರ್ಧಕ್ಕಿಂತ ಹೆಚ್ಚಿರಲಿ.

ಡಿಸ್ಕೇ ಕಾಣದಿದ್ದರೆ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎಂಬ ಪರದೆ ಖಾಲಿ. ಎಸ್‌ಎಸ್‌ಡಿ ಹಾಳಾಗಿದೆ ಎಂದು ಅಂಗಡಿಗೆ ಓಡುತ್ತಾರೆ. ಹಾಳಾಗಿರುವುದಿಲ್ಲ. ಇಂಟೆಲ್‌ನ 11ನೇ ಪೀಳಿಗೆ ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ವಿಎಂಡಿ ಎಂಬ ನಿಯಂತ್ರಕದ ಹಿಂದೆ ಕೂತಿರುತ್ತದೆ, ಅದರ ಡ್ರೈವರ್ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇರದಿರಬಹುದು.

ತಯಾರಕರ ಪುಟದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅದನ್ನು ಬಿಚ್ಚಿ, ಒಳಗಿನ ಐಎನ್‌ಎಫ್ ಕಡತಗಳಿರುವ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಬೇಕು. ಬಿಚ್ಚದೆ ಇಎಕ್ಸ್‌ಇ ಕಡತವನ್ನೇ ಹಾಕಿದರೆ ಇನ್‌ಸ್ಟಾಲರ್‌ಗೆ ಅದು ಕಾಣುವುದೇ ಇಲ್ಲ. 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷ. ಬಯಾಸ್‌ನಲ್ಲಿ ವಿಎಂಡಿಯನ್ನೇ ನಿಷ್ಕ್ರಿಯಗೊಳಿಸುವುದು ಇನ್ನೊಂದು ದಾರಿ. ಎಲ್ಲ ಅಳಿಸುವವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ನಡುವೆ ಮನಸ್ಸು ಬದಲಿಸಿ ಹಳೆಯ ವಿಂಡೋಸ್‌ಗೆ ಮರಳಲು ಹೊರಟರೆ ಅದು ನೀಲಿ ಪರದೆಯಲ್ಲಿ ನಿಲ್ಲುತ್ತದೆ. ವಿಎಂಡಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆ.

ಡಿಸ್ಕ್ ಕಂಡ ಮೇಲೆ ಗಾತ್ರ ನೋಡಿ ಅದು ಪೆನ್‌ಡ್ರೈವ್ ಅಲ್ಲವೆಂದು ಖಚಿತಪಡಿಸಿಕೊಂಡು, ಅದರ ಎಲ್ಲ ಪಾರ್ಟಿಷನ್‌ಗಳನ್ನು ಅಳಿಸಿ 'ಅನ್‌ಅಲೊಕೇಟೆಡ್' ಎಂಬ ಒಂದೇ ಸಾಲು ಉಳಿಸಬೇಕು. ಅದನ್ನು ಆರಿಸಿ ಮುಂದೆ ಒತ್ತಿದರೆ ಬೇಕಾದ ಪಾರ್ಟಿಷನ್‌ಗಳನ್ನು ಇನ್‌ಸ್ಟಾಲರ್ ತಾನೇ ಮಾಡಿಕೊಳ್ಳುತ್ತದೆ.

ಖಾತೆಯ ಜಗಳ

ಮತ್ತೊಂದು ಸಿಕ್ಕು ವೈಫೈ. ಡ್ರೈವರ್ ಇಲ್ಲದೆ ವೈಫೈ ಇಲ್ಲ, ಇಂಟರ್ನೆಟ್ ಇಲ್ಲದೆ ಸೆಟಪ್ ಮುಂದೆ ಹೋಗುವುದಿಲ್ಲ, ಸೆಟಪ್ ಮುಗಿಯದೆ ಡ್ರೈವರ್ ಹಾಕುವುದು ಹೇಗೆ? ಆ್ಯಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಚ್ಚಿದರೆ ಸಾಮಾನ್ಯವಾಗಿ ಗಂಟು ಬಿಚ್ಚುತ್ತದೆ, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ. ಅಪ್‌ಡೇಟ್‌ಗಳು ಇಳಿಯಲು ಶುರುವಾದರೆ ದಿನದ ಪ್ಯಾಕ್ ಖಾಲಿಯಾಗುತ್ತದೆ ಎಂಬುದೂ ನೆನಪಿರಲಿ.

ಮೊದಲು ಶಿಫ್ಟ್ ಮತ್ತು ಎಫ್10 ಒತ್ತಿ ಬೈಪಾಸ್‌ಎನ್‌ಆರ್‌ಒ ಎಂಬ ಕಮಾಂಡ್ ಕೊಟ್ಟರೆ ಇಂಟರ್ನೆಟ್ ಇಲ್ಲದೆ, ಸ್ಥಳೀಯ ಖಾತೆಯಲ್ಲೇ ಸೆಟಪ್ ಮುಗಿಸಬಹುದಿತ್ತು. 2025ರ ಮಾರ್ಚ್‌ನಲ್ಲಿ ಪರೀಕ್ಷಾ ಆವೃತ್ತಿಯಿಂದ ಅದನ್ನು ತೆಗೆದರು, ಅಕ್ಟೋಬರ್‌ನಲ್ಲಿ ಉಳಿದ ಒಳದಾರಿಗಳ ಸರದಿ. ಈ ದಾರಿ ಹಿಡಿದವರು ಮುಖ್ಯ ಪರದೆಗಳನ್ನು ದಾಟಿಹೋಗಿ ಅರೆಬರೆ ಸಿದ್ಧವಾದ ಯಂತ್ರ ಬಳಸುತ್ತಾರೆ ಎಂಬುದು ಮೈಕ್ರೋಸಾಫ್ಟ್ ಕೊಟ್ಟ ಕಾರಣ. ದುಡ್ಡು ಕೊಟ್ಟು ಕೊಂಡ ಯಂತ್ರ ತೆರೆಯಲು ಇನ್ನೊಬ್ಬರ ಸರ್ವರ್‌ನಲ್ಲಿ ಖಾತೆ ಯಾಕೆ ಎಂಬುದು ವಿರೋಧಿಗಳ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಖಾತೆಯಿಂದ ಸೆಟಪ್ ಮುಗಿಸಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸ್ಥಳೀಯ ಖಾತೆಗೆ ಬದಲಿಸಿಕೊಳ್ಳುವುದು ಇದ್ದುದರಲ್ಲಿ ನೆಮ್ಮದಿಯ ದಾರಿ.

ಹೀಗೆ ಮಾಡುವವರು ಬಿಟ್‌ಲಾಕರ್ (ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಸೌಲಭ್ಯ) ಮರೆಯಬಾರದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಹೋಮ್ ಎಡಿಷನ್‌ನಲ್ಲೂ ಡಿಸ್ಕ್ ಗೂಢಲಿಪೀಕರಣ ತಾನಾಗಿ ಶುರುವಾಗುತ್ತದೆ. ಅದರ 48 ಅಂಕಿಗಳ ರಿಕವರಿ ಕೀ ಆ ಖಾತೆಯಲ್ಲಿರುತ್ತದೆ. ಬಯಾಸ್ ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಾದಾಗ ಯಂತ್ರ ಆ ಕೀ ಕೇಳಬಹುದು. ಸಿಗದಿದ್ದರೆ ಡೇಟಾ ಮರಳಿ ಪಡೆಯಲು ಯಾವ ಸರ್ವಿಸ್ ಸೆಂಟರ್‌ನಿಂದಲೂ ಆಗದು. ಕೀಯನ್ನು ಕಾಗದದಲ್ಲಿ ಬರೆದಿಡಿ, ಇಲ್ಲವೇ ಗೂಢಲಿಪೀಕರಣ ನಿಲ್ಲಿಸಿ. ಲ್ಯಾಪ್‌ಟಾಪ್ ಹೊತ್ತು ಬಸ್ಸು ರೈಲಿನಲ್ಲಿ ಓಡಾಡುವವರು ನಿಲ್ಲಿಸದಿರುವುದೇ ಒಳ್ಳೆಯದು.

ಕನ್ನಡ, ಉರ್ದು, ಮರಾಠಿ

ಇಲ್ಲಿ ಮಾರುವ ಅನೇಕ ಮಾದರಿಗಳಲ್ಲಿ ಇರುವುದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಡಿಷನ್. ಅದರಲ್ಲಿ ಮೆನು, ಗುಂಡಿಗಳ ಭಾಷೆ ಒಂದೇ, ಇನ್ನೊಂದನ್ನು ಸೇರಿಸಲಾಗದು. ಕೀಬೋರ್ಡ್‌ಗಳಿಗೆ ಆ ಮಿತಿಯಿಲ್ಲ. ಬೀದರಿನ ಒಂದೇ ಮನೆಯಲ್ಲಿ ಕನ್ನಡ, ಉರ್ದು, ಮರಾಠಿ ಮೂರನ್ನೂ ಟೈಪ್ ಮಾಡುವವರಿದ್ದರೆ ಮೂರನ್ನೂ ಸೇರಿಸಿಕೊಂಡು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಬಹುದು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿರುವ ಕಡತಗಳಿದ್ದರೆ ನುಡಿಯನ್ನು ಮತ್ತೆ ಹಾಕಬೇಕು. ಇಲ್ಲದಿದ್ದರೆ ವರ್ಡ್ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಕಾನೂನು ಎಲ್ಲಿದೆ

ಮೊದಲೇ ತುಂಬಿದ ಆ್ಯಪ್‌ಗಳ ಬಗ್ಗೆ ಭಾರತದಲ್ಲಿ ಎದ್ದ ಚರ್ಚೆ ಬಹುತೇಕ ಫೋನುಗಳದ್ದು. ಆ್ಯಂಡ್ರಾಯ್ಡ್ ಜತೆ ತನ್ನ ಆ್ಯಪ್‌ಗಳನ್ನು ಕಡ್ಡಾಯವಾಗಿ ಕಟ್ಟಿಕೊಡುವುದೂ ಸೇರಿದಂತೆ ಹಲವು ಕಾರಣಗಳಿಗೆ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ಡಿಸೆಂಬರ್ ಮೊದಲ ವಾರದಲ್ಲಿ, ಹೊಸ ಫೋನುಗಳಲ್ಲಿ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂಬ ಆದೇಶವನ್ನು ದೂರಸಂಪರ್ಕ ಇಲಾಖೆ ಟೀಕೆಗಳ ನಂತರ ಹಿಂಪಡೆಯಿತು. ಲ್ಯಾಪ್‌ಟಾಪ್‌ಗಳ ಕಡೆಗೆ ಆ ಗಮನ ಹರಿದಿಲ್ಲ. ಯುರೋಪಿನಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಬಲದಿಂದ ಎಡ್ಜ್ ಬ್ರೌಸರನ್ನೂ ವಿಂಡೋಸ್‌ನಿಂದ ತೆಗೆದುಹಾಕಬಹುದು. ಅದೇ ವಿಂಡೋಸ್ ಇಲ್ಲಿ ಆ ಗುಂಡಿ ತೋರಿಸುವುದಿಲ್ಲ.

ಅಂಗಡಿಯಲ್ಲಿ ಮಾಡಿಸುವುದಾದರೆ

ಕೆಲವು ನೂರು ರೂಪಾಯಿಗೆ 'ಫಾರ್ಮ್ಯಾಟ್' ಮಾಡಿಕೊಡುವ ಅಂಗಡಿಗಳು ಮೂರೂ ಜಿಲ್ಲೆಗಳಲ್ಲಿವೆ, ಒಳ್ಳೆಯ ಕೆಲಸಗಾರರೂ ಇದ್ದಾರೆ. ಅಭ್ಯಾಸಬಲದಿಂದ ಎಲ್ಲ ಯಂತ್ರಗಳಿಗೂ ಒಂದೇ ಪೆನ್‌ಡ್ರೈವ್‌ನಿಂದ ಪ್ರೊ ಎಡಿಷನ್ ಹಾಕಿ, ಆಕ್ಟಿವೇಟರ್ (ಲೈಸೆನ್ಸ್ ಇದೆಯೆಂದು ವಿಂಡೋಸನ್ನು ನಂಬಿಸುವ ಕಳ್ಳ ತಂತ್ರಾಂಶ) ಓಡಿಸಿಬಿಡುವುದೇ ತೊಂದರೆ. ಆಕ್ಟಿವೇಟರ್ ಓಡಲೆಂದು ಡಿಫೆಂಡರ್ ನಿಲ್ಲಿಸುತ್ತಾರೆ, ಮತ್ತೆ ಹಚ್ಚುವುದಿಲ್ಲ. ದುಡ್ಡು ಕೊಟ್ಟು ಕೊಂಡ ಅಸಲಿ ಲೈಸೆನ್ಸ್ ಫರ್ಮ್‌ವೇರ್‌ನಲ್ಲಿ ಸುಮ್ಮನೆ ಬಿದ್ದಿರುತ್ತದೆ, ಮೇಲೆ ನಕಲಿ ಓಡುತ್ತಿರುತ್ತದೆ.

ಕೊಡುವ ಮೊದಲು ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಪುಟದ ಫೋಟೊ ತೆಗೆದುಕೊಳ್ಳಿ. ವಾಪಸ್ ಪಡೆಯುವಾಗ ಅದೇ ಪುಟ ಅಲ್ಲೇ ತೆರೆಸಿ ನೋಡಿ. ಎಡಿಷನ್ ಮೊದಲಿದ್ದದ್ದೇ ಇರಬೇಕು, ಡಿಜಿಟಲ್ ಲೈಸೆನ್ಸ್‌ನಿಂದ ಆಕ್ಟಿವೇಟ್ ಆಗಿದೆ ಎಂದಿರಬೇಕು. 'ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆ' ಎಂಬ ಅರ್ಥದ ಸಾಲು ಕಂಡರೆ ದುಡ್ಡು ಕೊಡುವ ಮೊದಲೇ, ಹೋಮ್ ಎಡಿಷನ್‌ನಿಂದ ಮತ್ತೆ ಹಾಕಿಕೊಡಲು ಹೇಳಬೇಕು.